ಕೆಳಮನೆಯ ನಟನ ಎದುರಿನ ಕುರ್ಚಿ

ಆಗ ನನಗೆ ಅರವತ್ತೆಂಟು. ಇದು ನಡೆದು ಐದು ವರ್ಷವಾಯಿತು. ಜರ್ಮನಿಯ ಉಂಟರ್‌ಫ್ಯೋರಿಂಗ್ ಎಂಬ ಊರಿನಲ್ಲಿ ಮಗಳ ಜೊತೆ ಇದ್ದೆ, ಈಗಲೂ ಇಲ್ಲೇ ಇದ್ದೇನೆ. ಓದಿದ್ದು ನಾಲ್ಕನೇ ಕ್ಲಾಸು. ಮೈಸೂರಿನ ಒಂದು ಹಾಸ್ಟೆಲ್ಲಿನಲ್ಲಿ ಇಪ್ಪತ್ತಾರು ವರ್ಷ ಅನ್ನ ಸಾರು ಮಾಡಿದವಳು. ಬರೆಯುವುದು ನನ್ನ ಕಸುಬಲ್ಲ. ಈ ಒಂದು ವಿಷಯ ಮಾತ್ರ ಇವತ್ತಿಗೂ ಬಗೆಹರಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಕೆಳಗಿನ ಮನೆಯಲ್ಲಿ ಒಬ್ಬ ಮುದುಕನಿದ್ದ. ನನಗಿಂತ ಹತ್ತು ವರ್ಷ ದೊಡ್ಡವನು, ಸ್ಕಾಟ್‌ಲೆಂಡಿನವನು. ಜರ್ಮನ್ ಹೆಂಗಸನ್ನು ಮದುವೆಯಾಗಿ ಬಂದಿದ್ದ. ಅವಳು ತೀರಿಕೊಂಡ ಮೇಲೂ ಇಲ್ಲೇ ಉಳಿದ. ಮಕ್ಕಳಿಲ್ಲ. ಒಮ್ಮೆ ನಾನು "ಇಂಗ್ಲೆಂಡಾ?" ಎಂದು ಕೇಳಿದ್ದಕ್ಕೆ ವಾರವಿಡೀ ನನ್ನ ಕಡೆ ತಲೆ ಆಡಿಸಲಿಲ್ಲ.

ಅವನ ಕೆಲಸ ಏನೆಂದು ನನಗೆ ಗೊತ್ತಿರಲಿಲ್ಲ. ಒಂದು ಸಂಜೆ ಟಿವಿ ಹಾಕಿದರೆ ಯಾರೋ ಅವನಿಗೆ ಗುಂಡು ಹೊಡೆದರು. ಮಣ್ಣೂ ಮಾಡಿದರು. ಮಾರನೆಯ ದಿನ ಪ್ಲಾಸ್ಟಿಕ್ ಕಸದ ಹಳದಿ ಚೀಲ ಹಿಡಿದು ಮೆಟ್ಟಿಲಲ್ಲಿ ಎದುರಾದ. ನಾನು ಗೋಡೆಗೆ ಆತು ನಿಂತೆ. ಸಿನಿಮಾ ಸುಳ್ಳೆಂದು ನನಗೂ ಗೊತ್ತು. ಆದರೆ ನಮ್ಮ ಕಡೆ ಸಿನಿಮಾದವರು ಕಸದ ಚೀಲ ಹಿಡಿದು ಮೆಟ್ಟಿಲಲ್ಲಿ ಸಿಗುವುದಿಲ್ಲ.

ಮಗಳನ್ನು ಕೇಳಿದೆ.

"ಅಮ್ಮ, ಅವ್ರು ನಲವತ್ತು ವರ್ಷದಿಂದ ಆಕ್ಟರ್. ಹೀರೋ ಅಲ್ಲ, ಸಣ್ಣ ಸಣ್ಣ ಪಾರ್ಟು."

"ಮತ್ತೆ ದನಿ ಯಾಕೆ ಅವ್ನದಲ್ಲ? ಮೆಟ್ಟಿಲಲ್ಲಿ ಹಂಗೆ ಮಾತಾಡಲ್ವಲ್ಲ."

"ಡಬ್ಬಿಂಗ್ ಅಮ್ಮ. ಜರ್ಮನ್‌ನಲ್ಲಿ ಮಾತಾಡೋರು ಬೇರೆಯೋರು."

"ಸಾಯೋನು ಇವ್ನು, ನರಳೋನು ಇನ್ನೊಬ್ನಾ?"

ಮಗಳು ನಕ್ಕಳು. ನನಗೇನೂ ನಗು ಬರಲಿಲ್ಲ.

ಆಮೇಲೆ ಅವನ ಪಾರ್ಟುಗಳನ್ನು ಎಷ್ಟೋ ನೋಡಿದೆ. ಜೈಲಿನ ಕಾವಲುಗಾರ, ಪಾದ್ರಿ, ಕುಡುಕ, ಎರಡನೆಯ ಪೊಲೀಸ್. ಯಾವುದಕ್ಕೂ ಹೆಸರಿಲ್ಲ. ಹೆಚ್ಚಿನದರಲ್ಲಿ ಅರ್ಧ ಗಂಟೆಯೊಳಗೆ ಸಾಯುತ್ತಾನೆ. ಎರಡು ವರ್ಷದಿಂದ ಸಾಯುವುದಕ್ಕೂ ಯಾರೂ ಕರೆದಿರಲಿಲ್ಲವಂತೆ.

ನವೆಂಬರಿನ ಒಂದು ಶನಿವಾರ ನಮ್ಮ ಬಾಗಿಲು ತಟ್ಟಿದ. ಮಗಳೊಡನೆ ಇಂಗ್ಲಿಷಿನಲ್ಲಿ ಬಹಳ ಹೊತ್ತು ಮಾತಾಡಿದ. ಮಗಳು ನನಗೆ ಹೇಳಿದ್ದು ಇಷ್ಟು: ಹೆಸರಿರುವ ಪಾತ್ರವೊಂದಕ್ಕೆ ಅವನನ್ನು ಕೇಳಿದ್ದಾರೆ, ನಲವತ್ತು ವರ್ಷದಲ್ಲಿ ಮೊದಲ ಸಲ. ಈಗ ಯಾರೂ ಕರೆಸಿ ನೋಡುವುದಿಲ್ಲ. ಮನೆಯಲ್ಲೇ ಫೋನಿನ ಮುಂದೆ ಅಭಿನಯಿಸಿ ವಿಡಿಯೋ ಕಳಿಸಬೇಕು. ಭಾನುವಾರ ಮಧ್ಯಾಹ್ನದೊಳಗೆ ತಲುಪಬೇಕು. ಪಾತ್ರ ಏನೆಂದರೆ, ಮಗಳನ್ನು ಬಿಟ್ಟುಹೋದ ಅಪ್ಪ, ಮುದಿ ವಯಸ್ಸಿನಲ್ಲಿ ಬಂದು ಅವಳ ಕ್ಷಮೆ ಕೇಳುತ್ತಾನೆ. ಎದುರಿನವಳ ಮಾತು ಓದಲು ನನ್ನ ಮಗಳು, ಎದುರಿಗೆ ಕೂರಲು ನಾನು.

"ನಾನ್ಯಾಕೆ?"

"ನೋಡೋಕೆ ಒಂದು ಮುಖ ಬೇಕಮ್ಮ. ಅವ್ರು ಏನ್ ಮಾಡಿದ್ರೂ ನೀನು ಸುಮ್ನೆ ಕೂತಿರು."

ಕಟ್ಟಡದ ಬಾಗಿಲಿಗೆ ಅವನೊಂದು ಚೀಟಿ ಅಂಟಿಸಿದ್ದ. ಕೂಗು, ಅಳು ಕೇಳಿಸಿದರೆ ಅದು ಅಭಿನಯ, ದಯವಿಟ್ಟು ಪೊಲೀಸರನ್ನು ಕರೆಯಬೇಡಿ ಎಂದು. ಇಲ್ಲಿ ಹೀಗೆ ಮೊದಲೇ ತಿಳಿಸುವುದೊಂದು ಶಿಸ್ತು.

ಅವನ ಮನೆಗೆ ಇಳಿದು ಹೋಗಿ ನಾನು ಕುರ್ಚಿಯಲ್ಲಿ ಕೂತೆ. ಪುಸ್ತಕ ಪೇರಿಸಿ ಅದರ ಮೇಲೆ ಫೋನ್ ನಿಲ್ಲಿಸಿದ್ದರು. ಪಕ್ಕದಲ್ಲಿ ನಿಂತು ಮಗಳು ಹಾಳೆ ನೋಡಿ ಓದಿದಳು, ರೇಷನ್ ಪಟ್ಟಿ ಓದಿದ ಹಾಗೆ. ಮೂರು ಸಲ ಮಾಡಿದರು. ಯಾವುದೂ ಅವನಿಗೆ ಸರಿಬರಲಿಲ್ಲ. ನಾಲ್ಕನೆಯ ಸಲ ಅವನ ದನಿ ಇಳಿಯಿತು, ಕಣ್ಣಿನಿಂದ ನೀರು ಬಂತು, ಮೂಗಿನಿಂದಲೂ ಬಂತು. ನನಗೆ ಒಂದಕ್ಷರ ಅರ್ಥವಾಗಲಿಲ್ಲ. ಆದರೆ ಅವನು ನನ್ನನ್ನೇ ನೋಡುತ್ತಿದ್ದ. ಇದ್ದಕ್ಕಿದ್ದಂತೆ ಮಂಡಿಯೂರಿ ನನ್ನ ಎರಡೂ ಪಾದ ಹಿಡಿದುಕೊಂಡು ಹಣೆ ಇಟ್ಟ.

ಹತ್ತು ವರ್ಷ ದೊಡ್ಡವನು! ದೊಡ್ಡವರು ಹಾಗೆ ಕಾಲಿಗೆ ಬಿದ್ದರೆ ನಮ್ಮ ಆಯಸ್ಸು ಕಮ್ಮಿಯಾಗುತ್ತದೆ ಎಂದು ನಮ್ಮಲ್ಲಿ ಮಗುವಿಗೂ ಗೊತ್ತು. "ಅಯ್ಯಯ್ಯೋ, ಏಳಿ ಸ್ವಾಮಿ, ಏನಿದು!" ಎಂದು ಕಿರುಚಿ ಕಾಲೆಳೆದುಕೊಂಡೆ. ಕುರ್ಚಿ ಹಿಂದಕ್ಕೆ ಬಿತ್ತು. ನಾನು ಬೀಳಲಿಲ್ಲ; ಬಗ್ಗಿ ಅವನ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡೆ, ಲೆಕ್ಕ ಸರಿಹೋಗಲಿ ಎಂದು.

"ಅಮ್ಮಾ! ಚೆನ್ನಾಗಿ ಬರ್ತಿತ್ತಲ್ಲಮ್ಮ!"

ಅವನು ಬೈಯಲಿಲ್ಲ. ಮೇಜು ಹಿಡಿದು ಕಷ್ಟಪಟ್ಟು ಎದ್ದ. ಕಣ್ಣು ಒರೆಸಿಕೊಂಡು, ಒಂದೇ ಗಳಿಗೆಯಲ್ಲಿ ಮುಖ ಒಣಗಿಸಿಕೊಂಡು, ಚಹಾ ಬೇಕೇ ಎಂದು ಕೈಸನ್ನೆಯಲ್ಲಿ ಕೇಳಿದ. ನನ್ನ ತಲೆ ಕೆಡಿಸಿದ್ದು ಅದೇ. ಅವನ ಮಂಡಿ ಊದಿಕೊಂಡಿತ್ತು, ಕಿಟಕಿಯ ಬೆಳಕೂ ಹೋಗಿತ್ತು. ಬೆಳಿಗ್ಗೆ ಇನ್ನೊಂದೇ ಸಲ ಮಾಡಬಲ್ಲೆ, ಕುರ್ಚಿಗೆ ಕೋಟು ಹೊದಿಸಿ ಅದನ್ನೇ ನೋಡುತ್ತೇನೆ ಎಂದನಂತೆ.

ಮೇಲೆ ಬಂದು ಮಗಳನ್ನು ಕೇಳಿದೆ. "ಅವ್ನು ನಿಜವಾಗ್ಲೂ ಅತ್ತನಾ?"

"ಆಕ್ಟಿಂಗು."

"ನೀರು ಬಂತಲ್ಲೇ."

"ಅದೂ ಆಕ್ಟಿಂಗೇ ಅಮ್ಮ."

"ಮಗಳೇ ಇಲ್ಲ ಅಂತೀಯ. ಇಲ್ದಿರೋ ಮಗಳಿಗೆ ಅಷ್ಟು ಅಳೋಕಾಗುತ್ತಾ?"

"ಅದಕ್ಕೇ ಕಣಮ್ಮ ಅವ್ರಿಗೆ ಕೆಲಸ ಕೊಡೋದು."

"ಹಂಗಾದ್ರೆ ನನ್ ಕಾಲಿಗೆ ಬಿದ್ದಿದ್ದು? ಅದು ಲೆಕ್ಕಕ್ಕೆ ಬರುತ್ತೋ ಇಲ್ವೋ?"

ಮಗಳು "ನಾಳೆ ನೀನು ಬರಬೇಡ, ಮನೇಲಿರು" ಎಂದಳು.

ಆ ಪಾತ್ರ ಕೊನೆಗೆ ಬೇರೆ ಯಾರಿಗೋ ಹೋಯಿತು. ಈಗಲೇ ಹೇಳಿಬಿಡುತ್ತೇನೆ, ಬಚ್ಚಿಡುವುದೇನಿದೆ. ನನ್ನಿಂದ ತಪ್ಪಿತೋ, ಅವನ ಮಂಡಿಯಿಂದ ತಪ್ಪಿತೋ ಯಾರೂ ಹೇಳಲಿಲ್ಲ. ಆದರೆ ಆ ಶನಿವಾರ ರಾತ್ರಿ ಅದು ಇನ್ನೂ ಕೈತಪ್ಪಿರಲಿಲ್ಲ. ಹಾಸಿಗೆಯಲ್ಲಿ ಮಲಗಿ ಯೋಚಿಸಿದ್ದು ಒಂದೇ: ಕೋಟಿಗೆ ಪಾದವಿಲ್ಲ, ಅವನು ಹಿಡಿದುಕೊಳ್ಳುವುದು ಏನನ್ನು?

ಬೆಳಿಗ್ಗೆ ಎದ್ದು ಸ್ನಾನ ಮಾಡಿ, ಮಗಳಿಗಿಂತ ಮೊದಲೇ ಕೆಳಗಿಳಿದು ಗಂಟೆ ಒತ್ತಿದೆ. ಕುರ್ಚಿಯ ಮೇಲಿನ ಕೋಟನ್ನು ಮೊಳೆಗೆ ತಗುಲಿಸಿ ಕೂತೆ. ಮಗಳು ಬಂದು ಬೈದಳು, ನಾನು ಕೇಳಲಿಲ್ಲ. ಅವನು ಅತ್ತ, ಕೂಗಿದ, ಕಾಲಿಗೆ ಬಿದ್ದ. ನಾನು ಕುರ್ಚಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಮಗಳು ಫೋನಿನ ರೆಕಾರ್ಡಿಂಗ್ ನಿಲ್ಲಿಸುವವರೆಗೆ ಕಾಲು ಅಲ್ಲಾಡಿಸಲಿಲ್ಲ. ನಿಲ್ಲಿಸಿದ ಮೇಲೆ ಎದ್ದು, ಬಗ್ಗಿ ಅವನ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡು, ಮೇಲೆ ಬಂದು ಅಕ್ಕಿ ತೊಳೆದಿಟ್ಟೆ.