ಗೂಟ ಬಡಿದ ನಲ್ಲಿ

ನನಗೆ ಸಿಟ್ಟು ಬಂದರೆ ಎದುರಿಗೆ ಯಾರಿದ್ದಾರೆ ಎಂದು ನೋಡುವ ಅಭ್ಯಾಸವಿಲ್ಲ. ಸಿಂಗಟಗೆರೆಯ ತವರಿನಲ್ಲಿ ಇದಕ್ಕಾಗಿ ಬೈಸಿಕೊಂಡದ್ದಕ್ಕೆ ಲೆಕ್ಕವಿಲ್ಲ. ಮದುವೆಯಾಗಿ ಕಡೂರಿಗೆ ಬಂದ ಮೇಲೆ ಆ ಸಿಟ್ಟು ಒಂದೇ ಒಂದು ಸಲ ಒಳ್ಳೆಯ ಕೆಲಸಕ್ಕೆ ಬಂತು, ಅದೂ ನೀರಿನ ಬಿಲ್ಲಿನ ವಿಷಯದಲ್ಲಿ. ಅದಕ್ಕೆ ಮೊದಲು ಅದು ಮಾಡಿದ ಹಾಳು ಕೆಲಸವನ್ನೂ ಹೇಳಲೇಬೇಕು.

ಆಗ ಎಪ್ಪತ್ತರ ದಶಕ ಮುಗಿಯುತ್ತಿತ್ತು. ನನ್ನ ಗಂಡನಿಗೆ ಅಜ್ಜಂಪುರದಲ್ಲಿ ಕೆಲಸ, ಶನಿವಾರ ರೈಲಿನಲ್ಲಿ ಬಂದು ಸೋಮವಾರ ಹೋಗುತ್ತಿದ್ದರು. ಮನೆಯಲ್ಲಿ ಅತ್ತೆ, ಮಾವ, ನಾನು. ಮೊದಲೆರಡು ವರ್ಷ ಅತ್ತೆಯೂ ನಾನೂ ರೈಲ್ವೆ ಗೇಟಿನಾಚೆಯ ಸಿಹಿನೀರ ಬಾವಿಯಿಂದ ನೀರು ಹೊತ್ತು ತಂದೆವು. ನಾನು ಎರಡು ವರ್ಷ ಹೊತ್ತೆ, ಅತ್ತೆ ಮೂವತ್ತು ವರ್ಷ ಹೊತ್ತಿದ್ದರು. ತಲೆಗೆ ಎಣ್ಣೆ ಹಚ್ಚುವಾಗ ಅವರ ನೆತ್ತಿಯ ಮೇಲೆ ಕೊಡದ ಕೆಳಗಿಡುವ ಬಟ್ಟೆಯ ಸಿಂಬಿ ಕೂತ ಜಾಗ ಕಾಣುತ್ತಿತ್ತು. ಅಲ್ಲಿ ಅಂಗೈಯಷ್ಟು ಅಗಲ ಕೂದಲೇ ಇರಲಿಲ್ಲ.

ಆಮೇಲೆ ನಮ್ಮ ಬೀದಿಗೆ ಪೈಪು ಬಂತು. ಮನೆಮನೆಗೆ ನಲ್ಲಿ, ಜೊತೆಗೆ ಪೈಪು ಮುಗಿಯುವ ಏರಿನ ತುದಿಯಲ್ಲಿ ಒಂದು ಬೀದಿ ನಲ್ಲಿ. ಮನೆಯೊಳಗೆ ನೀರು ಬಂದ ಮೇಲೆ ನಮ್ಮ ಬೀದಿಯವರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಹಿಂದಿನ ಕೇರಿಗೆ ಪೈಪು ಬಂದಿರಲಿಲ್ಲ, ಆ ಹೆಂಗಸರು ಬೀದಿ ನಲ್ಲಿಗೆ ಕೊಡ ತಂದು ಸಾಲು ನಿಲ್ಲುತ್ತಿದ್ದರು. ಗಲಾಟೆ, ಕೆಸರು, ಜಗಳ ಎಂದು ಬೀದಿಯ ಹಿರಿಯರು ಸೇರಿ ಆ ನಲ್ಲಿಯ ಬಾಯಿಗೆ ತೆಂಗಿನ ನಾರು ಸುತ್ತಿದ ಮರದ ಗೂಟ ಬಡಿಸಿದರು. ಮುಂದೆ ನಿಂತು ಬಡಿಸಿದವರು ನಮ್ಮ ಮಾವ. ಕೊಬ್ಬರಿ ಮಂಡಿಯಲ್ಲಿ ಗುಮಾಸ್ತರಾಗಿದ್ದವರು, ಅವರ ಮಾತಿಗೆ ಬೀದಿಯಲ್ಲಿ ತೂಕವಿತ್ತು. ನನಗೂ ಖುಷಿಯೇ ಆಯಿತು. ನಿನ್ನೆ ಮೊನ್ನೆಯವರೆಗೆ ಕೊಡ ಹೊತ್ತವಳು ನಾನು ಎಂಬುದು ಎಷ್ಟು ಬೇಗ ಮರೆತುಹೋಗಿತ್ತು ನೋಡಿ.

ಮೊದಮೊದಲು ಎಲ್ಲ ಮನೆಗೂ ಒಂದೇ ಕಂದಾಯ. ಒಂದು ವರ್ಷದ ಮೇಲೆ ಮೀಟರು ಕೂರಿಸಿದರು. ಮೊದಲ ಬಿಲ್ಲು ಹಳೆಯ ಕಂದಾಯದ ಮೂರರಷ್ಟು. ಮಾವ ಅದನ್ನು ಮೂರು ಸಲ ಓದಿ ಗೂಡಿನಲ್ಲಿಟ್ಟರು.

ನಾನು ಸುಮ್ಮನಿರಲಿಲ್ಲ. ಅತ್ತೆಗೆ ಒಂದು ಪದ್ಧತಿಯಿತ್ತು. ಹಿಂದಿನ ದಿನದ ನೀರು ತಂಗಳು ನೀರು, ಅದನ್ನು ಚೆಲ್ಲಿ, ಕೊಡಗಳನ್ನು ಹುಣಸೆಹಣ್ಣು ಹಾಕಿ ಬೆಳಗಿ, ಹೊಸನೀರು ತುಂಬಬೇಕು.

"ಬಿಲ್ಲು ಯಾಕ್ ಬರಲ್ಲ? ಒಳ್ಳೆ ನೀರ್ನೆಲ್ಲ ನೀವೇ ಮೋರಿಗೆ ಸುರಿತೀರಲ್ಲ" ಎಂದು ಅಂಗಳದಲ್ಲೇ ಅಂದುಬಿಟ್ಟೆ. ಪಕ್ಕದ ಮನೆಯವರಿಗೂ ಕೇಳಿಸಿತು.

ಅತ್ತೆ ಮರುದಿನದಿಂದ ತಂಗಳು ನೀರನ್ನೇ ಬಳಸಿದರು. ಎರಡು ಚೊಂಬಿನಲ್ಲಿ ಮೈ ತೊಳೆದುಕೊಂಡು ಸ್ನಾನವಾಯಿತೆಂದರು. ಪಾತ್ರೆ ತೊಳೆದ ನೀರನ್ನು ಕರಿಬೇವಿನ ಗಿಡಕ್ಕೆ ಹಾಕಿದರು. ತಿಂಗಳಿಡೀ ಹೀಗೆ ನಡೆದ ಮೇಲೆ ಎರಡನೇ ಬಿಲ್ಲು ಬಂತು. ಮೊದಲಿನದಕ್ಕಿಂತ ಹೇಳಿಕೊಳ್ಳುವಷ್ಟೇನೂ ಕಡಿಮೆಯಿರಲಿಲ್ಲ.

"ಇನ್ನೊಂದು ತಿಂಗಳು ನೋಡ್ತೀನಿ. ಆಮೇಲೆ ನಲ್ಲಿ ಕೀಳಿಸಿಬಿಡ್ತೀನಿ. ಹಾಸಿಗೆ ಇದ್ದಷ್ಟು ಕಾಲು ಚಾಚ್ಬೇಕು" ಅಂದರು ಮಾವ. ಹಾಗಾದರೆ ನೀರು? ಬೀದಿ ನಲ್ಲಿಯ ಗೂಟ ಕೀಳಿಸಿ ಅಲ್ಲಿ ಮನೆಯವರ ಕೈಗೆ ಕೊಡ ಕೊಟ್ಟು ನಿಲ್ಲಿಸುವ ಮುಖ ಅವರಿಗಿರಲಿಲ್ಲ. ಮತ್ತೆ ಗೇಟಿನಾಚೆಯ ಬಾವಿಯೇ ಗತಿ.

ಆ ಸಂಜೆ ಅತ್ತೆ ಅಟ್ಟಕ್ಕೆ ಕೈ ಚಾಚಿ ಹಳೆಯ ಸಿಂಬಿಯನ್ನು ತೆಗೆದರು. ಧೂಳು ಕೊಡವಿ, ಸಡಿಲಾದ ಬಟ್ಟೆಯನ್ನು ಬಿಗಿಯಾಗಿ ಸುತ್ತಿ ಬಾಗಿಲ ಹಿಂದಿನ ಮೊಳೆಗೆ ತಗುಲಿಹಾಕಿದರು. ಅವರಿಗಾಗ ಐವತ್ತು ದಾಟಿತ್ತು, ಮಂಡಿ ನೋವಿತ್ತು. ನನಗೆ ನಾಚಿಕೆಯಾಯಿತು, ಅದರ ಹಿಂದೆಯೇ ಸಿಟ್ಟೂ ಬಂತು. ಈ ಸಿಂಬಿ ಮತ್ತೆ ಅವರ ತಲೆಯೇರಬಾರದು ಎಂದು ಅಲ್ಲೇ ನಿಶ್ಚಯಿಸಿದೆ.

ನೀರಿನ ಆಫೀಸಿಗೆ ಹೋದೆ. "ಮೀಟ್ರು ಸುಳ್ಳು ಹೇಳಲ್ಲ ಕಣಮ್ಮ, ಮನುಷ್ಯರು ಹೇಳ್ತಾರೆ" ಅಂದ ಅಲ್ಲಿದ್ದವನು. ಸರಿ, ಮೀಟರನ್ನೇ ಕೇಳೋಣ ಎಂದುಕೊಂಡು ವಾಪಸು ಬಂದೆ.

ನಮಗೆ ದಿನ ಬಿಟ್ಟು ದಿನ ನೀರು. ನೀರು ಬಂದ ಮೇಲೆ ಹತ್ತು ಕೊಡ ಹಿಡಿದು, ಮೊದಲಿನ ಅಂಕಿ ನಂತರದ ಅಂಕಿ ಬರೆದುಕೊಂಡೆ. ಹತ್ತು ಕೊಡಕ್ಕೆ ಮೀಟರು ಓಡಿದ್ದು ಹತ್ತು ಕೊಡದಷ್ಟೇ. ಹಾಗಾದರೆ ಮೀಟರು ಕೆಟ್ಟಿಲ್ಲ. ನೀರು ನಿಂತ ಮೇಲೆ ಅಂಕಿ ಬರೆದುಕೊಂಡು, ಮರುದಿನವಿಡೀ ಆಗಾಗ ಹೋಗಿ ನೋಡಿದೆ. ಮುಳ್ಳು ಅಲುಗಲಿಲ್ಲ, ಸೋರಿಕೆಯೂ ಇಲ್ಲ. ಅದರ ಮರುದಿನ ನೀರು ಬಂದಾಗ ಹಿಡಿದ ಪ್ರತಿ ಕೊಡಕ್ಕೂ ಬಚ್ಚಲ ಗೋಡೆಯ ಮೇಲೆ ಇದ್ದಿಲಿನಲ್ಲಿ ಗೀಟು ಎಳೆದೆ. ಗೀಟುಗಳು ಇಪ್ಪತ್ತೆರಡು. ಹಿಂದಿನ ದಿನದ ಅಂಕಿಯಿಂದ ಲೆಕ್ಕ ಹಾಕಿದರೆ ಮೀಟರು ಹೇಳಿದ್ದು ಅರವತ್ತು ಕೊಡ. ಮಿಕ್ಕದ್ದು ಎಲ್ಲಿ ಹೋಯಿತು ಎಂದು ತಿಳಿಯದೆ ಅನ್ನ ಸೇರಲಿಲ್ಲ.

ಇನ್ನು ನಾನು ನೋಡದೆ ಉಳಿದಿದ್ದು ನೀರು ಬರುವುದಕ್ಕೆ ಮುಂಚಿನ ಹೊತ್ತು ಮಾತ್ರ. ಮುಂದಿನ ಸರದಿಯಂದು ಮಧ್ಯಾಹ್ನವೇ ಮೀಟರಿನ ಮುಂದೆ ಮಣೆ ಹಾಕಿಕೊಂಡು ಕೂತೆ.

ನೀರು ಎಷ್ಟು ಗಂಟೆಗೆ ಬರುತ್ತದೆ ಎಂದು ಯಾರಿಗೂ ಗೊತ್ತಿರುತ್ತಿರಲಿಲ್ಲ. ಅದಕ್ಕೇ ಬೀದಿಯವರೆಲ್ಲ ನಲ್ಲಿಯನ್ನು ಪೂರ್ತಿ ತಿರುಗಿಸಿಟ್ಟು, ಕೆಳಗೆ ಖಾಲಿ ಹಿತ್ತಾಳೆ ಕೊಡ ಇಟ್ಟಿರುತ್ತಿದ್ದೆವು. ಮೊದಲ ಹನಿ ಬಿದ್ದರೆ ಟಣ್ ಎನ್ನುತ್ತದೆ, ಎಲ್ಲಿದ್ದರೂ ಓಡಿಬರಬಹುದು. ಮೂರು ಗಂಟೆಯ ಸುಮಾರಿಗೆ ನಲ್ಲಿ ಎಂದಿನಂತೆ ಬುಸುಗುಟ್ಟತೊಡಗಿತು. ಕೊಡದಲ್ಲಿ ಒಂದು ಹನಿ ಇಲ್ಲ. ಮೀಟರಿನ ಮುಳ್ಳು ಮಾತ್ರ ಬುಗುರಿಯಂತೆ ತಿರುಗುತ್ತಿತ್ತು. ನೀರು ಹರಿಯುವಾಗಲೂ ಅದು ಅಷ್ಟು ಜೋರಾಗಿ ತಿರುಗಿದ್ದಿಲ್ಲ. ಅರ್ಧ ಗಂಟೆ ಬರೀ ಗಾಳಿ, ಆಮೇಲೆ ನೀರು.

ನೀರು ಬಿಡುವ ನೀರುಗಂಟಿ ಸೈಕಲ್ಲಿನಲ್ಲಿ ಬೀದಿಗೆ ಬಂದಾಗ ಅಡ್ಡ ನಿಂತು ಕೇಳಿದೆ. ಅವನು ಸೈಕಲ್ಲು ಇಳಿಯದೆ, ಒಂದು ಕಾಲು ನೆಲಕ್ಕೂರಿ ನಕ್ಕ.

"ನೀರು ನಿಂತ್ಮೇಲೆ ಪೈಪಲ್ಲಿ ಗಾಳಿ ತುಂಬ್ಕಳುತ್ತೆ ಕಣಕ್ಕ. ನೀರು ಬಂದಾಗ ಅದನ್ನ ಮುಂದಕ್ಕೆ ತಳ್ಳುತ್ತೆ. ಮೊದ್ಲು ಆ ಗಾಳಿ ಏರಲ್ಲಿರೋ ಬೀದಿ ನಲ್ಲೀಲಿ ಹೋಗ್ತಿತ್ತು, ಅದಕ್ಕೆ ಮೀಟ್ರಿಲ್ಲ. ನೀವು ಅದರ ಬಾಯಿಗೆ ಗೂಟ ಬಡಿದ್ರಿ. ಈಗ ನಿಮ್ಮ ಮನೆ ಮೀಟ್ರು ತಿರುಗಿಸ್ಕಂಡು ಹೋಗ್ತದೆ."

ಮನೆಗೆ ಬಂದು ಅತ್ತೆಗೆ ಹೇಳಿದೆ. ಅವರು, "ಹಂಗಾರೆ ಗೂಟ ಕೀಳನ ನಡಿಯೇ" ಅಂದರು. ಹಾರೆ ಹಿಡಿದು ಮುಂದೆ ಹೊರಟವರು ಅವರೇ. ಗೂಟ ಬಿಗಿದುಕೊಂಡಿತ್ತು. ಇಬ್ಬರೂ ಸೇರಿ ಮೀಟಿದೆವು. ಪಕ್ಕದ ಮನೆಯಾಕೆ ಜಗಲಿಗೆ ಬಂದು, "ಇದೇನ್ರಮ್ಮ, ಮತ್ತೆ ಆ ಸಂತೆ ಬೇಕಾ?" ಅಂದಳು. "ಗಾಳಿಗೆ ದುಡ್ಡು ಕಟ್ಟೋ ಆಸೆ ಇದ್ರೆ ನೀವು ಕಟ್ಕಳಿ" ಎಂದೆ. ಅಷ್ಟರಲ್ಲಿ ಮಂಡಿಯಿಂದ ಮಾವ ಬಂದರು. ತಾವು ಬಡಿಸಿದ ಗೂಟ ಹೆಂಡತಿಯ ಕೈಯಲ್ಲಿರುವುದನ್ನು ನೋಡಿದರು. ನಾನು ಬೈಗುಳಕ್ಕೆ ಸಿದ್ಧಳಾಗಿದ್ದೆ. ಅವರು ಚಪ್ಪಲಿ ಬಿಟ್ಟು ಒಳಗೆ ಹೋದರು, ಅಷ್ಟೇ.

ಅಂದಿನಿಂದ ಮನೆಯ ನಲ್ಲಿ ಮುಚ್ಚಿಟ್ಟು ಬೀದಿ ನಲ್ಲಿಗೆ ಕಿವಿಗೊಟ್ಟೆವು. ಹಿಂದಿನ ಕೇರಿಯ ಹೆಂಗಸರು ಕೊಡ ತಂದು ಕಾಯುತ್ತಿದ್ದರು. ಗಾಳಿಯೆಲ್ಲ ಹೋಗಿ ಅವರ ಮೊದಲ ಕೊಡ ತುಂಬಿದ ಮೇಲೆ, "ಬಂತು ಕಣ್ರವ್ವಾ" ಎಂದು ಅವರೇ ಕೂಗಿ ಹೇಳುತ್ತಿದ್ದರು. ಆಗ ನಾವು ನಲ್ಲಿ ತಿರುಗಿಸುವುದು. ಹದಿನೈದು ದಿನದಲ್ಲಿ ಬೀದಿಯವರೆಲ್ಲ ಹಾಗೆಯೇ ಮಾಡತೊಡಗಿದರು, ಪಕ್ಕದ ಮನೆಯಾಕೆಯೂ ಸೇರಿ.

ಮೂರನೇ ಬಿಲ್ಲು ಬಂದ ದಿನ ಮಾವ ಅದನ್ನು ಒಂದೇ ಸಲ ಓದಿದರು. "ಅರ್ಧಕ್ಕರ್ಧ ಕಮ್ಮಿ ಬಂದದೆ. ನಲ್ಲಿ ಇರ್ಲಿ ಬಿಡು" ಅಂದರು. ಹೇಳಿದ್ದು ಅತ್ತೆಗೆ, ನೋಡಿದ್ದು ನನ್ನ ಕಡೆಗೆ.

ಅತ್ತೆಗೆ ಅಂದು ನಾನು ಅಂದ ಮಾತಿಗೆ ತಪ್ಪಾಯಿತು ಎಂದು ಹೇಳಬೇಕಿತ್ತು. ಹೇಗೆ ಶುರುಮಾಡುವುದೆಂದು ತಿಳಿಯದೆ ಬಚ್ಚಲ ಬಾಗಿಲಲ್ಲಿ ನಿಂತೆ. ಅವರು ಹಂಡೆಯ ಒಲೆಗೆ ಉರಿ ಹಾಕುತ್ತಿದ್ದರು. ಒಂದು ಚಿಂದಿ ಬಟ್ಟೆಯನ್ನೂ ಎಸೆಯದೆ ಎತ್ತಿಡುವ ಹೆಂಗಸು ಎದ್ದುಹೋಗಿ, ಬಾಗಿಲ ಹಿಂದಿನ ಸಿಂಬಿಯನ್ನು ತಂದು ಒಲೆಗೆ ಹಾಕಿದರು.

"ತಪ್ಪಾಯ್ತು ಅತ್ತೆ" ಎಂದೆ.

"ಬಾ ಇಲ್ಲಿ, ಬೆನ್ನುಜ್ಜು" ಅಂದರು. ಆ ದಿನ ಅವರು ಹಂಡೆ ಪೂರ್ತಿ ಖಾಲಿಯಾಗುವವರೆಗೆ ಸ್ನಾನ ಮಾಡಿದರು. ಮೊಗೆಮೊಗೆದು ಹಾಕಿದವಳು ನಾನೇ.