ಜಯಲತಾಳ ಹಳದಿ, ಮಾನಸಿಯ ಕಪ್ಪು ಪಟ್ಟಿ

ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ವಸಾಹತಿನ ಆ ಸಣ್ಣ ಪ್ರಯೋಗಾಲಯದಲ್ಲಿ ಜಯಲತಾಳ ಹೊಟ್ಟೆ ಉರಿಸಿದ್ದು ಮೊದಲು ಮನುಷ್ಯರಲ್ಲ, ಬೆರಳಿನ ಗೆಣ್ಣಿನಷ್ಟು ಪುಟ್ಟ ಒಂದು ಸೀಸೆ. 2008ರ ಬೇಸಿಗೆಯಲ್ಲಿ ಅದು ಐಸ್ ತುಂಬಿದ ಡಬ್ಬಿಯಲ್ಲಿ ಬಂತು. ಒಳಗಿದ್ದದ್ದು ಆಂಟಿಬಾಡಿ. ಅದಕ್ಕೆ ಫ್ರಿಜ್ಜಿನಲ್ಲಿ ಬೇರೆಯೇ ಖಾನೆ. ಖಾನೆಯ ಮೇಲೆ, ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿ ಅಂಟಿಸಿದ ‘ಮಾನಸಿ ಮಾತ್ರ’ ಎಂಬ ಚೀಟಿ.

ಸುತ್ತಲಿನ ಕೀಟನಾಶಕ ಕಾರ್ಖಾನೆಗಳ ಕೆಲಸಗಾರರ ರಕ್ತ ಪರೀಕ್ಷೆಗೆ ಇಲ್ಲಿಗೇ ಬರುತ್ತಿತ್ತು. ನರವು ಸ್ನಾಯುವಿಗೆ ಕಳಿಸುವ ರಾಸಾಯನಿಕ ಸಂದೇಶವನ್ನು ಕೆಲಸ ಮುಗಿದೊಡನೆ ಒಡೆದುಹಾಕುವ ಕಿಣ್ವವೊಂದಿದೆ. ಕೀಟನಾಶಕ ಮೈ ಸೇರಿದರೆ ಮೊದಲ ಏಟು ಅದಕ್ಕೆ. ಕೆಂಪು ರಕ್ತಕಣಗಳ ಮೇಲೂ ಅದು ಇರುವುದರಿಂದ ರಕ್ತ ನೋಡಿದರೆ ಸಾಕು. ಜಯಲತಾ ಮದುವೆಗೆ ಮುಂಚಿನಿಂದಲೂ ಅದನ್ನು ಬಣ್ಣದಿಂದ ಅಳೆಯುತ್ತಿದ್ದಳು: ನಳಿಕೆಯಲ್ಲಿ ಗಾಢ ಹಳದಿ ಬಂದರೆ ಕ್ಷೇಮ, ತೆಳುವಾದರೆ ಅಪಾಯ. ಮಾನಸಿಯ ಆಂಟಿಬಾಡಿಯಾದರೋ ಆ ಕಿಣ್ವವನ್ನೇ ಹುಡುಕಿ ಅಂಟಿಕೊಂಡು, ಎಕ್ಸ್‌ರೇಯಂಥ ಫಿಲ್ಮಿನ ಮೇಲೆ ಕಪ್ಪು ಪಟ್ಟಿಯಾಗಿ ಮೂಡುತ್ತಿತ್ತು.

ಮುಖ್ಯಸ್ಥ ಡಾ. ವಸಂತಕುಮಾರ್ ಆ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು ಹಿಗ್ಗಿದರು. “ಇದು ಕಣ್ಣಿಗೆ ಕಾಣುವ ಸಾಕ್ಷಿ. ಇನ್ನು ಹಳದಿ ಟೆಸ್ಟ್ ಬೇಡ ಜಯಲತಾ.” ಅವಳು ತಲೆಯಾಡಿಸಿದಳು.

ಮಾನಸಿ ಪಕ್ಕದ ಠಾಣೆ ನಗರದಲ್ಲೇ ಹುಟ್ಟಿ ಬೆಳೆದ ಉಡುಪಿ ಕಡೆಯ ಹುಡುಗಿ. ಮನೆಯಲ್ಲಿ ಜಯಲತಾ ಅವಳ ಹೆಸರು ಎತ್ತದ ದಿನವಿರಲಿಲ್ಲ. ಗಂಡ ಹರಿಶ್ಚಂದ್ರ ಊಟದ ತಟ್ಟೆಯ ಮುಂದೆ ನಕ್ಕ: “ಎಂತ ಮಾರಾಯ್ತಿ, ಅವಳ ಮೇಲಿನ ಕೋಪವನ್ನೆಲ್ಲ ಬಂಗುಡೆಗೆ ಹಾಕಿದ್ದಾ? ಬರೀ ಖಾರ!”

“ಕೆಲಸ ಮಾಡುವುದು ಸೀಸೆ, ಹೆಸರು ಅವಳಿಗೆ.”

“ಹಾಗಾದ್ರೆ ಇಷ್ಟು ವರ್ಷ ಹಳದಿ ಆಗ್ತಾ ಇದ್ದದ್ದು ನೀನಾ?”

ಜಯಲತಾ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಪ್ರಯೋಗಾಲಯದಲ್ಲಿ, ಮಾನಸಿ ಬಳಸಿ ಉಳಿದ ರಕ್ತದಲ್ಲಿ ಕದ್ದುಮುಚ್ಚಿ ತನ್ನ ಪರೀಕ್ಷೆ ಮುಂದುವರಿಸಿದಳು. ಮಾನಸಿಯ ಒಂದು ತಪ್ಪು ಸಿಕ್ಕರೆ ಸಾಕಿತ್ತು.

ಒಂದು ಬುಧವಾರ ಸಿಕ್ಕಿತು. ಪ್ಯಾಕಿಂಗ್ ವಿಭಾಗದ ಸಿದ್ರಾಮನ ರಕ್ತಕ್ಕೆ ಮಾನಸಿಯ ಫಿಲ್ಮಿನಲ್ಲಿ ದಪ್ಪ ಕಪ್ಪು ಪಟ್ಟಿ, ವರದಿಯಲ್ಲಿ ‘ಸರಿಯಿದೆ’. ಜಯಲತಾಳ ನಳಿಕೆ ಮಾತ್ರ ನೀರಿನ ಹಾಗಿತ್ತು. ಮತ್ತೆ ಮಾಡಿದಳು, ಮತ್ತೆ ನೀರು. ಎದೆ ಹಗುರಾಯಿತು. ಆದರೆ ಯಾರಿಗೂ ಹೇಳಲಿಲ್ಲ. ಶನಿವಾರದ ಮೀಟಿಂಗಿನಲ್ಲಿ, ಎಲ್ಲರ ಎದುರು ಹೇಳಬೇಕು.

ಶುಕ್ರವಾರ ಸಿದ್ರಾಮ ವರದಿಗೆ ಬಂದ. ಫ್ಯಾನಿನ ಕೆಳಗೂ ಬೆವರು ಇಳಿಯುತ್ತಿತ್ತು. ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿತ್ತು.

“ರಿಪೋರ್ಟ್ ಛಲೋ ಐತಂತಲ್ರೀ ಅಕ್ಕಾರ? ನಾಳಿಂದ ಡಬಲ್ ಡ್ಯೂಟಿ ಹಚ್ಯಾರ್ರೀ. ಕಣ್ಣು ಒಂದೀಟು ಮಬ್ಬಾಗ್ಯಾವ, ಅಷ್ಟ.”

ಜಯಲತಾ ವರದಿ ಕೊಟ್ಟಳು. ಅವನು ಅದನ್ನು ಮಡಚಿ ಜೇಬಿಗೆ ಹಾಕುವಾಗ ಅವನ ಕೆನ್ನೆಯ ಸ್ನಾಯು ತಾನಾಗಿ ಅದುರಿತು. ಮೀಟಿಂಗಿಗೆ ಇನ್ನೊಂದೇ ದಿನ. ಅವಳು ಕೈ ಚಾಚಿ ಕಾಗದವನ್ನು ಕಿತ್ತುಕೊಂಡು, ಅವನನ್ನು ಮಾನಸಿಯ ಮೇಜಿಗೇ ಕರೆದೊಯ್ದಳು.

“ನಿನ್ನ ಪಟ್ಟಿ ಸುಳ್ಳು ಹೇಳ್ತಾ ಉಂಟು. ಇವನನ್ನು ನೋಡು, ನನ್ನ ನಳಿಕೆ ನೋಡು.”

ಮಾನಸಿ ಎರಡನ್ನೂ ನೋಡಿದಳು. “ಅಕ್ಕಾ, ಏಕ್ ಮಿನಿಟ್. ಎರಡೂ ಕರೆಕ್ಟ್. ಕಿಣ್ವ ಇದೆ, ಅದಕ್ಕೇ ಪಟ್ಟಿ ಬಂತು. ಆದ್ರೆ ವಿಷ ಅದರ ಕೈ ಕಟ್ಟಿದೆ. ಮಸ್ಟರ್‌ನಲ್ಲಿ ಹಾಜರಿ, ಕಾಮ್ ಝೀರೋ. ಅರೆ ದೇವಾ, ನಂಗೆ ಹೊಳೀಬೇಕಿತ್ತು!” ಫೋನ್ ಎತ್ತಿಕೊಂಡು ಕೇಳಿದಳು: “ಇದನ್ನ ಯಾವಾಗ ಮಾಡಿದ್ರಿ?”

“ಬುಧವಾರ.”

ಮಾನಸಿ ಗೋಡೆಯ ಕ್ಯಾಲೆಂಡರಿನತ್ತ ಒಮ್ಮೆ ನೋಡಿದಳು. ಆಮೇಲೆ ಆಸ್ಪತ್ರೆಯ ನಂಬರ್ ಒತ್ತಿದಳು.

ಸಿದ್ರಾಮ ಆ ಸಂಜೆಯೇ ಆಸ್ಪತ್ರೆ ಸೇರಿದ, ಚೇತರಿಸಿಕೊಂಡ. ಕಾರ್ಖಾನೆಯವರು ಅವನನ್ನು ಗೇಟಿನ ಕೆಲಸಕ್ಕೆ ಹಾಕಿದರು. ಇನ್ನು ಪ್ರತಿ ರಕ್ತಕ್ಕೂ ಎರಡೂ ಪರೀಕ್ಷೆ, ಅದೂ ಒಂದೇ ಮೇಜಿನಲ್ಲಿ ಎಂದು ವಸಂತಕುಮಾರ್ ಶನಿವಾರ ಹೇಳಿದರು. ಜಯಲತಾ ಬುಧವಾರವೇ ತಿಳಿದೂ ಹೇಳದಿದ್ದ ಮಾತನ್ನು ಮಾನಸಿ ಅಲ್ಲಿ ಎತ್ತಲೇ ಇಲ್ಲ. ಹೇಳಿಬಿಟ್ಟಿದ್ದರೆ ಜಗಳವಾಡಬಹುದಿತ್ತು. ಇದರಲ್ಲೂ ಈ ಹುಡುಗಿಯೇ ಮೇಲಾದಳಲ್ಲ ಎಂದು ಜಯಲತಾಳ ಹೊಟ್ಟೆ ಇನ್ನಷ್ಟು ಉರಿಯಿತು.

ಸೋಮವಾರ ಮಾನಸಿ ತನ್ನ ಟ್ರೇ ಸರಿಸಿ ಜಯಲತಾಳ ನಳಿಕೆಗಳಿಗೆ ಜಾಗ ಮಾಡಿಕೊಟ್ಟಳು. “ಸಾಕಾ ಅಕ್ಕಾ?”

“ಸಾಕು” ಎಂದ ಜಯಲತಾ, ಮಾನಸಿ ಚಹಾಕ್ಕೆ ಹೋದ ಮೇಲೆ ಆ ಟ್ರೇಯನ್ನು ಇನ್ನೂ ಒಂದು ಗೇಣು ಆಚೆ ತಳ್ಳಿದಳು.