ತಂಗಿಯ ಪ್ರಯೋಗಕ್ಕೆ ಆಟೋನಗರದ ರಕ್ತ

ಕಳೆದ ವಾರ ಸಕ್ಕರೆ ಕಾಯಿಲೆಯ ಪರೀಕ್ಷೆಗೆಂದು ರಕ್ತ ಕೊಡಲು ಹೋಗಿದ್ದೆ. ತೋಳಿಗೆ ಸ್ಪಿರಿಟ್ ಹತ್ತಿ ತಾಗಿದ್ದೇ ತಡ, ಆ ತಣ್ಣನೆಯ ವಾಸನೆ ನನ್ನನ್ನು ವಿಜಯವಾಡದ ಆಟೋನಗರಕ್ಕೆ ಕರೆದುಕೊಂಡು ಹೋಗಿಬಿಟ್ಟಿತು. ಸೂಜಿ ಕಂಡರೆ ಇವತ್ತಿಗೂ ಮುಖ ತಿರುಗಿಸುವ ನಾನು ಒಮ್ಮೆ ಹನ್ನೊಂದು ಜನರ ರಕ್ತವನ್ನು ತೊಡೆಯ ಮೇಲಿಟ್ಟುಕೊಂಡು ರೈಲಿನಲ್ಲಿ ಹೋಗಿದ್ದೆ ಎಂದರೆ ನೀವು ನಂಬಲಿಕ್ಕಿಲ್ಲ.

ತೊಂಬತ್ತರ ದಶಕದ ಮೊದಲ ವರ್ಷಗಳು. ಧಾರವಾಡದಿಂದ ವರ್ಗವಾಗಿ ವಿಜಯವಾಡದ ಬ್ಯಾಂಕೊಂದಕ್ಕೆ ಬಂದಿದ್ದೆ. ನನ್ನ ತಂಗಿ ಸುಧಾ ವಿಶಾಖಪಟ್ಟಣದ ಒಂದು ಪ್ರಯೋಗಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದಳು. ಎಚ್‌ಐವಿ ವೈರಸ್ಸು ನಮ್ಮ ರಕ್ತದ ಕಾವಲು ಕೋಶಗಳೊಳಗೆ ಹೇಗೆ ನುಗ್ಗುತ್ತದೆ ಎಂಬುದು ಅವಳ ಪ್ರಶ್ನೆ. ತಿಂಗಳಿಗೊಮ್ಮೆ ನಮ್ಮ ಮನೆಗೆ ಬಂದರೆ, ನನ್ನ ಹೆಂಡತಿ ಬಡಿಸಿದ ರೊಟ್ಟಿ ಆರುವವರೆಗೂ ಅದೇ ಮಾತು.

“ವೈನಿ, ಬಾಗಲಕ್ಕ ಒಂದ ಚಿಲಕ ಅದ ಅಂತ ಎಲ್ಲಾರಿಗೂ ಗೊತ್ತದ. ಆದ್ರ ಆ ಚಿಲಕಾನ್ನ ಇಲಿ ಜೀವಕೋಶಕ್ಕ ಹಚ್ಚಿದ್ರ ವೈರಸ್ಸು ಬಂದು ಅಂಟಿಕೋತದ, ಒಳಗ ಮಾತ್ರ ಹೋಗೂದಿಲ್ಲ. ಅಂದ್ರ ಮನುಷ್ಯಾರ ಕೋಶದಾಗ ಇನ್ನೊಂದು ಏನೋ ಅದ. ಇಲ್ಲಾ, ಇಲಿ ಕೋಶದಾಗ ತಡಿಯೂದು ಏನೋ ಅದ. ಯಾವುದು ಖರೇ?”

“ಮೊದಲ ಊಟ ಮಾಡವಾ, ಆಮ್ಯಾಲೆ ಹುಡುಕೀಯಂತ,” ಎನ್ನುತ್ತಿದ್ದಳು ನನ್ನಾಕೆ.

ಒಂದು ಬೇಸಿಗೆಯಲ್ಲಿ ಸುಧಾಳ ಫೋನು ಬ್ಯಾಂಕಿಗೇ ಬಂತು. ಪ್ರಯೋಗಕ್ಕೆ ಆರೋಗ್ಯವಂತರ ತಾಜಾ ರಕ್ತ ಬೇಕಿತ್ತು. ಅವಳು ಜೀವಂತ ವೈರಸ್ಸನ್ನು ಮುಟ್ಟುತ್ತಲೇ ಇರಲಿಲ್ಲ. ವೈರಸ್ಸಿನ ಹೊರಕವಚದ ಒಂದು ಪ್ರೋಟೀನನ್ನು ಮಾತ್ರ ಹೊತ್ತ, ಅಪಾಯವಿಲ್ಲದ ಕೋಶಗಳು ಅವಳಲ್ಲಿದ್ದವು. ಆದರೂ ‘ಏಡ್ಸ್’ ಎಂಬ ಪದ ಕಿವಿಗೆ ಬಿದ್ದ ಮೇಲೆ ಅಲ್ಲಿ ತೋಳು ಚಾಚುವವರೇ ಇಲ್ಲವಾಗಿದ್ದರು. ಮನೆಯೊಡತಿ ಬೇರೆ ಕೋಣೆ ನೋಡಿಕೊಳ್ಳಲು ಹೇಳಿದ್ದಳಂತೆ. “ಅಣ್ಣಾ, ಮಂದಿ ಕೂಡಸಿ ಕೊಡು. ಇಲ್ಲಂದ್ರ ಮೂರು ವರ್ಷದ ಕೆಲಸ ಇಲ್ಲೇ ನಿಲ್ತದ,” ಎಂದಳು.

ಬ್ಯಾಂಕಿನಲ್ಲಿ ಕೇಳಿದೆ. ಒಬ್ಬರಿಗೆ ರಕ್ತದೊತ್ತಡ, ಒಬ್ಬರಿಗೆ ಉಪವಾಸ, ಇನ್ನೊಬ್ಬರಿಗೆ ಮಗಳ ಮದುವೆ. ಮಾತು ಕೌಂಟರಿನ ಆಚೆ ನಿಂತಿದ್ದ ವೀರರಾಜು ಅವರ ಕಿವಿಗೆ ಬಿತ್ತು. ಆಟೋನಗರದಲ್ಲಿ ಲಾರಿ ರಿಪೇರಿಯ ಶೆಡ್ಡು ಅವರದು. ಭಾರೀ ಆಳು, ಸಣ್ಣ ದನಿ. ನನ್ನನ್ನು ಪಕ್ಕಕ್ಕೆ ಕರೆದು, “ಅದು ಒಳಗೆ ಹೇಗೆ ಹೋಗುತ್ತದೆ ಅಂತ ನಿಮ್ಮ ತಂಗಿ ನೋಡ್ತಾರಾ ಸಾರ್?” ಎಂದು ತೆಲುಗಿನಲ್ಲಿ ಕೇಳಿದರು. ಹೌದೆಂದೆ. “ನನ್ನ ತಮ್ಮ ಲಾರಿ ಓಡಿಸ್ತಿದ್ದ. ಹೋದ ವರ್ಷ ಈ ಕಾಯಿಲೆಯಲ್ಲೇ ಹೋದ. ನಾಳೆ ಶೆಡ್ಡಿಗೆ ಬನ್ನಿ.”

ಮರುದಿನ ಪರಿಚಯದ ಟೆಕ್ನಿಷಿಯನ್ ಒಬ್ಬರನ್ನು ಕರೆದುಕೊಂಡು ಹೋದರೆ, ಹನ್ನೊಂದು ಮೆಕ್ಯಾನಿಕರು ಮೊಣಕೈವರೆಗೆ ಗ್ರೀಸು ತೊಳೆದುಕೊಂಡು ಬೆಂಚಿನ ಮೇಲೆ ಸಾಲಾಗಿ ಕೂತಿದ್ದರು. ತಮ್ಮನ ಹೆಣಕ್ಕೆ ಸ್ನಾನ ಮಾಡಿಸಲು ಯಾರೂ ಬಾರದಿದ್ದಾಗ ವೀರರಾಜು ಒಬ್ಬರೇ ಮಾಡಿಸಿದರಂತೆ. ಹಾಗೆಂದು ಒಬ್ಬ ಮೆಕ್ಯಾನಿಕ್ ನನ್ನ ಕಿವಿಯಲ್ಲಿ ಹೇಳಿದ.

ಈಗ ನನ್ನ ಜಾಣತನ ಕೇಳಿ. “ಐಸ್ ಹಾಕಬ್ಯಾಡ, ಒದ್ದಿ ಬಟ್ಟಿ ಸುತ್ತು ಸಾಕು,” ಎಂದು ಸುಧಾ ಎರಡು ಸಲ ಹೇಳಿದ್ದಳು. ಆದರೆ ಆ ಊರಿನ ಮೇ ತಿಂಗಳ ಬಿಸಿಲು ನನಗೆ ಗೊತ್ತೋ, ಕಡಲ ಗಾಳಿಯಲ್ಲಿರುವ ಅವಳಿಗೆ ಗೊತ್ತೋ? ಸ್ಟೇಷನ್ನಿನ ಸೋಡಾ ಅಂಗಡಿಯಲ್ಲಿ ಒಂದು ಗಡ್ಡೆ ಐಸು ಒಡೆಸಿ, ರಕ್ತದ ಕೊಳವೆಗಳಿದ್ದ ಪೆಟ್ಟಿಗೆಗೆ ಧಾರಾಳವಾಗಿ ತುಂಬಿದೆ. ದಾರಿಯುದ್ದಕ್ಕೂ ನನ್ನ ಬಗ್ಗೆ ನನಗೇ ಮೆಚ್ಚುಗೆ.

ವಿಶಾಖಪಟ್ಟಣದಲ್ಲಿ ಮುಚ್ಚಳ ತೆಗೆದ ಸುಧಾ ಸ್ಟೂಲಿನ ಮೇಲೆ ಕುಸಿದು ಕೂತಳು. ಐಸಿಗೆ ತಾಗಿ ಕೋಶಗಳೆಲ್ಲ ಒಡೆದುಹೋಗಿದ್ದವು. ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ವೀರರಾಜು ಅವರೆದುರು ಮತ್ತೆ ಹೋಗಿ ನಿಂತು ಐಸಿನ ಕತೆ ಒಪ್ಪಿಕೊಂಡೆ. ಅವರು ಪೂರ್ತಿ ಕೇಳಿಸಿಕೊಂಡು, “ಪರವಾಲೇದು ಸಾರ್. ಮೈಯಲ್ಲೇ ಇದೆಯಲ್ಲ, ಇನ್ನೊಂದು ಸಲ ಕೊಡ್ತೀವಿ,” ಎಂದರು. ಹದಿನೈದು ದಿನ ಬಿಟ್ಟು ಮತ್ತೆ ಅದೇ ಹನ್ನೊಂದು ತೋಳುಗಳು. ಈ ಸಲ ನಿಲ್ದಾಣ ಬಂದಾಗಲೆಲ್ಲ ಇಳಿದು ಬಟ್ಟೆ ಒದ್ದೆ ಮಾಡಿಕೊಂಡು ಬಂದೆ. ಬಸುರಿ ಮಗಳನ್ನು ತವರಿಗೆ ಕರೆತರುವವನ ಹಾಗೆ ಪೆಟ್ಟಿಗೆ ಹಿಡಿದು ಕೂತಿದ್ದೆ.

ಮಾರನೆಯ ದಿನ ಬೆಳಿಗ್ಗೆ ಹತ್ತರ ಸುಮಾರು ಸುಧಾ ನನ್ನ ತೋಳು ಹಿಡಿದು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದಳು.

“ಇದು ಬರೇ ಚಿಲಕ ಹಚ್ಚಿದ ಇಲಿ ಕೋಶ, ಜೋಡಿ ವೈರಸ್ಸಿನ ಪ್ರೋಟೀನ್ ಹೊತ್ತ ಕೋಶ. ಏನ್ ಕಾಣಸ್ತದ?”

“ಸಾಬೂದಾಣಿ. ಒಂದಕ್ಕೊಂದು ಅಂಟ್ಯಾವ, ಆದ್ರ ಬ್ಯಾರೆ ಬ್ಯಾರೆ ಅವ.”

ತಟ್ಟೆ ಬದಲಿಸಿದಳು. “ಇದು ಅದೇ ಇಲಿ ಕೋಶ. ಆದ್ರ ನಿನ್ನ ಮೆಕ್ಯಾನಿಕ್‌ರ ಕೋಶ ಕೂಡಸೀನಿ.”

ನೋಡಿದೆ. ಸಾಬೂದಾಣಿಗಳು ಕರಗಿ, ಗಡಿಗಳೆಲ್ಲ ಅಳಿಸಿ, ದೊಡ್ಡ ದೊಡ್ಡ ತೇಪೆಗಳಾಗಿದ್ದವು. ವಿಜ್ಞಾನ ತಿಳಿಯದ ನನಗೂ ಬಾಗಿಲು ತೆರೆದದ್ದು ಕಾಣುತ್ತಿತ್ತು.

“ಅಂದ್ರ ಇಲಿ ತಡೀತಿರಲಿಲ್ಲ ಅಣ್ಣಾ. ಇಲಿ ಹತ್ರ ಇಲ್ಲದ್ದು ಏನೋ ಮನುಷ್ಯಾರ ಹತ್ರ ಅದ. ಇಲ್ಲೇ ಅದ, ಕೋಶದ ಮೈಮ್ಯಾಲೇ,” ಎಂದು ಕಾರಿಡಾರಿಗೆ ಓಡಿದಳು. ಸಿಕ್ಕವರನ್ನೆಲ್ಲ ಕೈಹಿಡಿದು ಎಳೆತಂದು ತೋರಿಸಿದಳು. ಕಸ ಗುಡಿಸುವ ಅಪ್ಪಲಮ್ಮನೂ ಸೆರಗು ಕಟ್ಟಿಕೊಂಡು ಒಂದು ಕಣ್ಣು ಮುಚ್ಚಿ ನೋಡಿದಳು. ಊಟದ ನೆನಪು ಯಾರಿಗೂ ಆಗಲಿಲ್ಲ.

ಆ ‘ಏನೋ’ ಯಾವುದೆಂದು ಹೆಸರು ಹಿಡಿದು ಹೇಳುವಷ್ಟರಲ್ಲಿ ಎರಡು ಮೂರು ವರ್ಷ ಕಳೆದವು. ಒಂದು ಮಧ್ಯಾಹ್ನ ಮತ್ತೆ ಬ್ಯಾಂಕಿಗೆ ಫೋನು. “ಸಿಕ್ತು ಅಣ್ಣಾ, ಸಿಕ್ತು.” ದನಿಯಲ್ಲಿ ಅಷ್ಟು ಸಂಭ್ರಮ. “ಭೇಷ್, ಹುಡುಕೇ ಬಿಟ್ಟಿ,” ಎಂದೆ. “ನನಗಲ್ಲೋ, ಅಮೇರಿಕಾದವ್ರಿಗೆ. ಪೇಪರ್ ಈಗ ಓದಿದೆ. ಎಷ್ಟು ಚೆಂದ ಮಾಡ್ಯಾರ ಅಂತಿ!” ನನಗೆ ಅಳು ಬರುವಂತಾಯಿತು, ಅವಳು ಮಾತ್ರ ನಗುತ್ತಲೇ ಇದ್ದಳು. “ನಾನು ತೋರಿಸಿದ ದಿಕ್ಕು ಖರೇ ಇತ್ತಲ್ಲ. ಇನ್ನ ಆ ಬಾಗಲಾ ಮುಚ್ಚೋ ಔಷಧ ಬರ್ತದ ನೋಡು.” ಮುಂದೆ ಅಂಥ ಔಷಧ ಬಂದೂ ಬಂತು.

ರಕ್ತ ಕೊಟ್ಟು ಬಂದ ಸಂಜೆ ಇದನ್ನೆಲ್ಲ ಬರೆಯತೊಡಗಿದೆ. ಧೈರ್ಯಕ್ಕೆ ಉದಾಹರಣೆಯಾಗಿ ವೀರರಾಜು ಅವರನ್ನು ನಾನು ಎಷ್ಟೋ ಜನರೆದುರು ಹೊಗಳಿದ್ದೇನೆ. ಬರೆದದ್ದನ್ನು ನಿನ್ನೆ ಸುಧಾಳಿಗೆ ಫೋನಿನಲ್ಲಿ ಓದಿದೆ. ಕೊನೆಯವರೆಗೆ ಕೇಳಿ, “ಅವರು ಒಮ್ಮೆ ಲ್ಯಾಬಿಗೆ ಬಂದಿದ್ರು, ನಿನಗ ಹೇಳಿಲ್ಲ,” ಎಂದಳು.

ಆ ಎರಡೂ ತಟ್ಟೆಗಳನ್ನು ಅವರು ಬಹಳ ಹೊತ್ತು ನೋಡಿದರಂತೆ. ಆಮೇಲೆ ಒಂದೇ ಪ್ರಶ್ನೆ ಕೇಳಿದರಂತೆ: “ಒಂದೇ ತಟ್ಟೆಯಲ್ಲಿ ಉಂಡರೆ ಇದು ಬರುತ್ತದಾ ಅಮ್ಮಾ?” ಇಲ್ಲ ಎಂದಳಂತೆ ಇವಳು. “ಅವನು ಬದುಕಿದ್ದಾಗ ತಟ್ಟೆ ಲೋಟ ಬೇರೆ ಇಟ್ಟಿದ್ದೆ. ನಾನೇ ಇಟ್ಟಿದ್ದು,” ಎಂದು ಹೇಳಿ, ಗೋಡೆಯ ಕಡೆ ತಿರುಗಿ ನಿಂತರಂತೆ.

ನಾನೂ ಅವತ್ತು ಪೆಟ್ಟಿಗೆ ಒಪ್ಪಿಸಿದ ಮೇಲೆ ನಲ್ಲಿಯ ಕೆಳಗೆ ಮೂರು ಸಲ ಸೋಪು ಹಚ್ಚಿ ಕೈ ತೊಳೆದಿದ್ದೆ. ಮೂವತ್ತು ವರ್ಷ ಯಾರಿಗೂ ಹೇಳಿರಲಿಲ್ಲ. ನಿನ್ನೆ ತಂಗಿಗೆ ಹೇಳಿದೆ.

“ಅದನ್ನೂ ಬರಿ,” ಎಂದಳು.